ಮಗಳ ಎಂಬಿಬಿಎಸ್ ಸೀಟು: ಗದಗವೇ, ಬೆಂಗಳೂರೇ? ಶುಲ್ಕ ಮತ್ತು ಪಿಜಿ (ಸ್ನಾತಕೋತ್ತರ) ಅವಕಾಶದ ಬಗ್ಗೆ ಸಲಹೆ ಬೇಕು

ಪ್ರಶ್ನೆ: ಬಸವೇಶ್ವರನಗರದಿಂದ ಒಬ್ಬ ತಂದೆ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಈ ವರ್ಷ ನೀಟ್ ಬರೆದಿದ್ದಾಳೆ. ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕೌನ್ಸೆಲಿಂಗ್‌ನಲ್ಲಿ ಕಾಲೇಜುಗಳ ಆದ್ಯತಾ ಪಟ್ಟಿ ತುಂಬುವ ಸಮಯ ಹತ್ತಿರವಾಗಿದೆ. ಹಿಂದಿನ ವರ್ಷದ ಕಟ್‌ಆಫ್ ನೋಡಿದರೆ ಅವಳ ರ‍್ಯಾಂಕಿಗೆ ಗದಗದ ಸರ್ಕಾರಿ ವೈದ್ಯಕೀಯ ಕಾಲೇಜು ಸಿಗಬಹುದು. ಬೆಂಗಳೂರಿನ ಹೊರವಲಯದ ಒಂದು ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾದ ಸೀಟೂ ಸಿಗಬಹುದು. ಇವೆರಡೂ ಬೇಡವೆಂದರೆ, ನಗರದೊಳಗಿನ ಹಳೆಯ, ಹೆಸರುವಾಸಿಯಾದ ಖಾಸಗಿ ಕಾಲೇಜಿನಲ್ಲಿ ಖಾಸಗಿ ಕೋಟಾದ ಸೀಟು ಖಚಿತವಾಗಿ ಸಿಗುತ್ತದೆ ಎಂದು ತಿಳಿದವರು ಹೇಳುತ್ತಿದ್ದಾರೆ.

ಸರ್ಕಾರಿ ಕಾಲೇಜಿನ ಶುಲ್ಕ ವರ್ಷಕ್ಕೆ 60 ಸಾವಿರದ ಮೇಲೆ ಸ್ವಲ್ಪ. ಖಾಸಗಿ ಕಾಲೇಜಿನ ಸರ್ಕಾರಿ ಕೋಟಾಕ್ಕೆ ಸುಮಾರು ಒಂದೂವರೆ ಲಕ್ಷ. ಖಾಸಗಿ ಕೋಟಾಕ್ಕೆ ಸುಮಾರು 12 ಲಕ್ಷ. ನಾನು ರಾಜ್ಯ ಸರ್ಕಾರಿ ನೌಕರ, ಮಗಳ ಓದು ಮುಗಿಯುವ ಹೊತ್ತಿಗೆ ನಿವೃತ್ತನಾಗಿರುತ್ತೇನೆ. ಉಳಿತಾಯವನ್ನೆಲ್ಲ ಒಟ್ಟುಗೂಡಿಸಿದರೆ ಖಾಸಗಿ ಕೋಟಾದ ಮೊದಲೆರಡು ವರ್ಷ ದಾಟಿಸಬಲ್ಲೆ. ಉಳಿದ 30 ಲಕ್ಷಕ್ಕೆ ಮನೆಯನ್ನು ಆಧಾರವಾಗಿಟ್ಟು ಶಿಕ್ಷಣ ಸಾಲ ಪಡೆಯಬೇಕಾಗುತ್ತದೆ.

ಮಗಳಿಗೆ ಮಕ್ಕಳ ವೈದ್ಯೆಯಾಗಬೇಕೆಂಬ ಆಸೆ ಚಿಕ್ಕಂದಿನಿಂದಲೂ ಇದೆ. ಬರೀ ಎಂಬಿಬಿಎಸ್‌ಗೆ ಈಗ ಬೆಲೆಯಿಲ್ಲ, ಎಂಡಿ ಮಾಡಲೇಬೇಕು ಎಂದು ಎಲ್ಲರೂ ಹೇಳುತ್ತಾರೆ. ಹೆಸರಾಂತ ಖಾಸಗಿ ಕಾಲೇಜಿನಲ್ಲಿ ಓದಿದರೆ ಅಲ್ಲಿಯೇ ಪಿಜಿ ಸೀಟು ಸುಲಭವಾಗಿ ಸಿಗುತ್ತದೆ, ಆ ಲೆಕ್ಕದಲ್ಲಿ 12 ಲಕ್ಷ ಹೆಚ್ಚಲ್ಲ ಎಂಬುದು ನನ್ನ ಭಾವಮೈದುನನ ವಾದ. ನನ್ನ ಹೆಂಡತಿಗೆ ಮಗಳನ್ನು ದೂರ ಕಳಿಸಲು ಮನಸ್ಸಿಲ್ಲ. ಮಗಳು ಮಾತ್ರ ಎಲ್ಲಿಗಾದರೂ ಹೋಗಲು ಸಿದ್ಧಳಿದ್ದಾಳೆ. ಹಣ ಉಳಿಸಲು ಹೋಗಿ ಅವಳ ಪಿಜಿ ಅವಕಾಶವನ್ನೇ ಕೆಡಿಸಿಬಿಡುತ್ತೇನೆಯೇ ಎಂಬ ಚಿಂತೆ ನನ್ನದು. ಈ ದಾರಿಯಲ್ಲಿ ನಡೆದವರು ದಯವಿಟ್ಟು ತಿಳಿಸಬೇಕು.

ಉತ್ತರ: ಜನರಲ್ ಮೆಡಿಸಿನ್ ಎಂಡಿ, ಬೆಂಗಳೂರು

ನಮಸ್ಕಾರ ಸರ್. ಮೊದಲು ನಿಮ್ಮ ಭಾವಮೈದುನರ ಮಾತನ್ನು ಪರಿಶೀಲಿಸೋಣ, ಏಕೆಂದರೆ ಈ ನಂಬಿಕೆಯ ಮೇಲೆ ಎಷ್ಟೋ ಕುಟುಂಬಗಳು ಮನೆ ಅಡವಿಡುತ್ತಿವೆ. ಕಾಲೇಜುಗಳು ತಮಗೆ ಬೇಕಾದವರಿಗೆ ಪಿಜಿ ಸೀಟು ಕೊಡುವ ಕಾಲ 2017ಕ್ಕೆ ಮುಗಿಯಿತು. ಅಂದಿನಿಂದ ಎಂಡಿ, ಎಂಎಸ್ ಸೀಟುಗಳು ಸರ್ಕಾರಿಯಾಗಲಿ, ಖಾಸಗಿಯಾಗಲಿ, ಡೀಮ್ಡ್ ವಿಶ್ವವಿದ್ಯಾಲಯದವೇ ಆಗಲಿ, ನೀಟ್ ಪಿಜಿ ಪ್ರವೇಶ ಪರೀಕ್ಷೆಯ ರ‍್ಯಾಂಕಿನ ಮೇಲೆ ಸಾಮಾನ್ಯ ಕೌನ್ಸೆಲಿಂಗ್ ಮೂಲಕವೇ ಹಂಚಿಕೆಯಾಗುತ್ತಿವೆ. 200 ಪ್ರಶ್ನೆ, 800 ಅಂಕ, ಎಂಬಿಬಿಎಸ್‌ನ 19 ವಿಷಯಗಳೂ ಅದರೊಳಗೆ. ಉತ್ತರ ಪತ್ರಿಕೆಯಲ್ಲಿ ಅಭ್ಯರ್ಥಿ ಎಲ್ಲಿ ಓದಿದಳು ಎಂಬ ಅಂಕಣವಿಲ್ಲ. ಏಮ್ಸ್, ಜಿಪ್ಮರ್, ನಮ್ಮ ನಿಮ್ಹಾನ್ಸ್ ಮೊದಲಾದ ರಾಷ್ಟ್ರೀಯ ಮಹತ್ವದ ಸಂಸ್ಥೆಗಳಿಗೆ ಐಎನ್‌ಐ ಸಿಇಟಿ ಎಂಬ ಪ್ರತ್ಯೇಕ ಪರೀಕ್ಷೆ ವರ್ಷಕ್ಕೆರಡು ಬಾರಿ ನಡೆಯುತ್ತದೆ. ಅದೂ ರ‍್ಯಾಂಕಿನ ಮೇಲೆಯೇ.

ಕಾಲೇಜಿನ ಹೆಸರು ಲೆಕ್ಕಕ್ಕೆ ಬರುವುದಿಲ್ಲವಾದರೂ ಕಾಲೇಜು ಯಾವ ರಾಜ್ಯದಲ್ಲಿದೆ ಎಂಬುದು ಖಂಡಿತ ಲೆಕ್ಕಕ್ಕೆ ಬರುತ್ತದೆ, ಇದನ್ನು ಹಲವು ಪೋಷಕರು ಗಮನಿಸುವುದೇ ಇಲ್ಲ. ಸರ್ಕಾರಿ ಕಾಲೇಜುಗಳ ಪಿಜಿ ಸೀಟುಗಳಲ್ಲಿ ಅರ್ಧದಷ್ಟು ಅಖಿಲ ಭಾರತ ಕೋಟಾಕ್ಕೆ ಹೋಗುತ್ತವೆ, ಉಳಿದರ್ಧ ರಾಜ್ಯದ ಪಾಲಿಗೆ ಬರುತ್ತದೆ. ಆ ರಾಜ್ಯದ ಪಾಲಿಗೆ ಯಾರು ಅರ್ಹರು ಎಂಬ ಪ್ರಶ್ನೆ ಹಲವು ಬಾರಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದೆ. ಕರ್ನಾಟಕದಲ್ಲಿ ಎಂಬಿಬಿಎಸ್ ಓದಿದ ಹೊರರಾಜ್ಯದವರನ್ನು ದೂರವಿಡುವಂತಿಲ್ಲ ಎಂದು 2018ರಲ್ಲಿ ತೀರ್ಪಾಯಿತು. 2025ರ ಜನವರಿಯಲ್ಲಂತೂ ಪಿಜಿ ವೈದ್ಯಕೀಯ ಸೀಟುಗಳಲ್ಲಿ ವಾಸಸ್ಥಳದ ಆಧಾರದ ಮೀಸಲಾತಿಯೇ ಸಂವಿಧಾನಕ್ಕೆ ವಿರುದ್ಧವೆಂದು ಹೇಳಿದ ನ್ಯಾಯಾಲಯ, ಓದಿದ ಸಂಸ್ಥೆಯ ಆಧಾರದ ಆದ್ಯತೆಗೆ ಮಾತ್ರ ಮಿತಿಯೊಳಗೆ ಅವಕಾಶ ಉಳಿಸಿತು. ಹೀಗಾಗಿ ಬೆಂಗಳೂರಿನಲ್ಲಿ ಮನೆಯಿದೆ ಎಂಬುದಕ್ಕಿಂತ ಎಂಬಿಬಿಎಸ್ ಕರ್ನಾಟಕದಲ್ಲಿ ಆಗಿದೆ ಎಂಬುದೇ ಮುಂದೆ ಕೆಲಸಕ್ಕೆ ಬರುತ್ತದೆ. ನೀವು ಹೇಳಿದ ಮೂರೂ ಸೀಟುಗಳು ರಾಜ್ಯದೊಳಗೇ ಇರುವುದರಿಂದ ಈ ವಿಷಯದಲ್ಲಿ ಅವುಗಳ ನಡುವೆ ಭೇದವಿಲ್ಲ. ಮೂರೂ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿದ್ದರೆ ವಿಶ್ವವಿದ್ಯಾಲಯದ ಪರೀಕ್ಷೆಯೂ ಒಂದೇ.

ಇನ್ನು ಮಕ್ಕಳ ವಿಭಾಗ. ನೀಟ್ ಪಿಜಿಯನ್ನು ಎರಡು ಲಕ್ಷಕ್ಕೂ ಹೆಚ್ಚು ವೈದ್ಯರು ಬರೆಯುತ್ತಾರೆ. ರೇಡಿಯಾಲಜಿ, ಜನರಲ್ ಮೆಡಿಸಿನ್, ಚರ್ಮರೋಗ ವಿಭಾಗಗಳು ಮೊದಲು ತುಂಬುತ್ತವೆ, ಒಳ್ಳೆಯ ಕಾಲೇಜುಗಳ ಮಕ್ಕಳ ವಿಭಾಗವೂ ಅವುಗಳ ಹಿಂದೆಯೇ ಹೋಗುತ್ತದೆ. ಬೆಂಗಳೂರು ವೈದ್ಯಕೀಯ ಕಾಲೇಜಿನ ವಾಣಿ ವಿಲಾಸ ಆಸ್ಪತ್ರೆಯಲ್ಲೋ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲೋ ಎಂಡಿ ಸೀಟು ಬೇಕೆಂದರೆ ರ‍್ಯಾಂಕ್ ಬಹಳ ಚೆನ್ನಾಗಿರಬೇಕು. ಮೊದಲ ಪ್ರಯತ್ನದಲ್ಲಿ ಅಂಥ ರ‍್ಯಾಂಕ್ ಎಲ್ಲರಿಗೂ ಬರುವುದಿಲ್ಲ. ಹೌಸ್ ಸರ್ಜನ್ಸಿ (ಎಂಬಿಬಿಎಸ್‌ನ ಕೊನೆಯ ಒಂದು ವರ್ಷದ ಆಸ್ಪತ್ರೆ ತರಬೇತಿ) ಮುಗಿಸಿ, ಒಂದು ವರ್ಷ ಕುಳಿತು ಓದಿ ಎರಡನೆಯ ಸಲ ಬರೆಯುವವರು ಬಹಳ ಮಂದಿ. ನಿಮ್ಮ ಮಗಳಿಗೂ ಆ ಒಂದು ವರ್ಷ ಬೇಕಾದೀತು. ಆಗ ಅವಳ ತಲೆಯ ಮೇಲೆ ಸಾಲದ ಕಂತು ಇದೆಯೋ ಇಲ್ಲವೋ ಎಂಬುದು, ಅವಳು ಎಂಬಿಬಿಎಸ್ ಓದಿದ ಕಾಲೇಜಿನ ಹೆಸರಿಗಿಂತ ಎಷ್ಟೋ ಪಾಲು ಹೆಚ್ಚು ಪರಿಣಾಮ ಬೀರುತ್ತದೆ. ಸಾಲವಿದ್ದವರು ಸಿಕ್ಕ ವಿಭಾಗವನ್ನು ಒಪ್ಪಿಕೊಂಡು ಬಿಡುವುದನ್ನು ನಾನು ಪ್ರತಿ ಬ್ಯಾಚಿನಲ್ಲೂ ನೋಡುತ್ತಿದ್ದೇನೆ. ಮಕ್ಕಳ ವಿಭಾಗ ಬಯಸಿದವರು ಅದರಿಂದ ದೂರವಾಗಿ ಜೀವನವಿಡೀ ಬೇರೆ ಕೆಲಸ ಮಾಡುವುದು ಸಣ್ಣ ನಷ್ಟವಲ್ಲ.

ಡಿಎನ್‌ಬಿ ಎಂಬ ದಾರಿಯನ್ನೂ ಮನಸ್ಸಿನಲ್ಲಿಡಿ. ಅದಕ್ಕೂ ನೀಟ್ ಪಿಜಿ ಅಂಕವೇ ಆಧಾರ, ಮೂರು ವರ್ಷದ ತರಬೇತಿ, ಎಂಡಿಗೆ ಸಮಾನವೆಂಬ ಮಾನ್ಯತೆ ಇದೆ. ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆ, ಸೇಂಟ್ ಮಾರ್ಥಾಸ್‌ನಂಥ ಆಸ್ಪತ್ರೆಗಳಲ್ಲಿ ಡಿಎನ್‌ಬಿ ಮಾಡಿದ ಒಳ್ಳೆಯ ವೈದ್ಯರು ಈ ನಗರದಲ್ಲಿ ಬಹಳ ಇದ್ದಾರೆ. ಖಾಸಗಿ ಕಾಲೇಜಿನ ಎಂಡಿ ಶುಲ್ಕದೊಂದಿಗೆ ಹೋಲಿಸಿದರೆ ಇದರ ಖರ್ಚು ಅತ್ಯಲ್ಪ.

ಉತ್ತರ: ನಿವೃತ್ತ ಬ್ಯಾಂಕ್ ಅಧಿಕಾರಿ, ಜಯನಗರ

ಡಾಕ್ಟರ್ ಅವರು ಕಂತಿನ ಮಾತೆತ್ತಿದ್ದರಿಂದ ಅದರ ಲೆಕ್ಕವನ್ನು ಬಿಡಿಸಿ ಬರೆಯುತ್ತೇನೆ. ಶಿಕ್ಷಣ ಸಾಲದ ಅರ್ಜಿಗಳನ್ನು ಬಹಳ ಕಾಲ ಪರಿಶೀಲಿಸಿದವನು ನಾನು. ಪೋಷಕರು ಸಾಲದ ಮೊತ್ತವನ್ನು ಮಾತ್ರ ನೋಡುತ್ತಾರೆ, ಅದರ ಕಂತು ಯಾವ ತಿಂಗಳಿನಿಂದ ಹೆಗಲೇರುತ್ತದೆ ಎಂಬುದನ್ನು ನೋಡುವುದಿಲ್ಲ.

ಶುಲ್ಕ ಕಟ್ಟುವುದು ನಾಲ್ಕೂವರೆ ವರ್ಷಕ್ಕೆ ಎಂದಾದರೆ ಖಾಸಗಿ ಕೋಟಾದ ಒಟ್ಟು 54 ಲಕ್ಷ. ಮೊದಲ 24 ಲಕ್ಷ ನಿಮ್ಮದು, ಮೂರನೆಯ ವರ್ಷ 12, ನಾಲ್ಕನೆಯ ವರ್ಷ 12, ಕೊನೆಯ ಅರ್ಧ ವರ್ಷಕ್ಕೆ 6, ಒಟ್ಟು 30 ಲಕ್ಷ ಸಾಲ. ಏಳೂವರೆ ಲಕ್ಷ ದಾಟಿದರೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಆಧಾರ ಕೇಳುತ್ತವೆ, ಆದ್ದರಿಂದ ಮನೆಯ ಪತ್ರ ಕೊಡುವುದು ಅನಿವಾರ್ಯವಾದೀತು. ಕೋರ್ಸಿನ ಐದೂವರೆ ವರ್ಷ ಮತ್ತು ಅದರ ಮೇಲೆ ಒಂದು ವರ್ಷ ಕಂತು ಇರುವುದಿಲ್ಲ. ಆದರೆ ಬಡ್ಡಿ ನಿಲ್ಲುವುದಿಲ್ಲ, ಸರಳ ಬಡ್ಡಿಯಾಗಿ ಸೇರುತ್ತಾ ಹೋಗುತ್ತದೆ. ಶೇ 10ರ ದರ ಹಿಡಿದರೆ ಮೂರು ಬಾರಿ ಪಡೆದ ಹಣಕ್ಕೆ ಕ್ರಮವಾಗಿ ನಾಲ್ಕೂವರೆ, ಮೂರೂವರೆ, ಎರಡೂವರೆ ವರ್ಷದ ಬಡ್ಡಿ ಸೇರಿ ಸುಮಾರು 11 ಲಕ್ಷ. ಮರುಪಾವತಿ ಆರಂಭವಾಗುವ ದಿನ ಬಾಕಿ ಸುಮಾರು 41 ಲಕ್ಷ. ಅದನ್ನು 15 ವರ್ಷಕ್ಕೆ ಹಂಚಿದರೆ ತಿಂಗಳಿಗೆ 44 ಸಾವಿರ ರೂಪಾಯಿಯ ಕಂತು, ಒಟ್ಟು ಕಟ್ಟುವುದು 80 ಲಕ್ಷದ ಹತ್ತಿರ.

ಆ ಕಂತು ಯಾವಾಗ ಶುರುವಾಗುತ್ತದೆ ಎಂಬುದನ್ನು ಗಮನಿಸಿ. ಹೌಸ್ ಸರ್ಜನ್ಸಿ ಮುಗಿದ ಒಂದು ವರ್ಷಕ್ಕೆ. ಆಗ ನಿಮ್ಮ ಮಗಳು ಎರಡನೆಯ ಬಾರಿಗೆ ನೀಟ್ ಪಿಜಿ ಬರೆದಿರುತ್ತಾಳೆ, ಅಥವಾ ಪಿಜಿ ಮೊದಲ ವರ್ಷದಲ್ಲಿರುತ್ತಾಳೆ. ರಾಜ್ಯದ ಸರ್ಕಾರಿ ಕಾಲೇಜಿನ ಪಿಜಿ ವಿದ್ಯಾರ್ಥಿಗಳ ಶಿಷ್ಯವೇತನ 50 ಸಾವಿರ ದಾಟಿದೆ ಎಂಬುದು ನಿಜ, ಆದರೆ ಅದರಲ್ಲಿ 44 ಸಾವಿರ ಕಂತಿಗೆ ಹೋದರೆ ಊಟ, ವಸತಿ, ಪುಸ್ತಕಕ್ಕೆ ಉಳಿಯುವುದೆಷ್ಟು? ಆ ವೇಳೆಗೆ ನೀವು ನಿವೃತ್ತರಾಗಿರುತ್ತೀರಿ. ಉನ್ನತ ವ್ಯಾಸಂಗದ ಕಾರಣ ಕೊಟ್ಟು ಕಂತನ್ನು ಮುಂದೂಡುವಂತೆ ಬ್ಯಾಂಕನ್ನು ಕೋರಬಹುದು, ಆದರೆ ಮುಂದೂಡಿದಷ್ಟೂ ಬಾಕಿ ಬೆಳೆಯುತ್ತದೆ. ಸಾಲ ಮಾಡಲೇಬೇಕಾಗಿ ಬಂದರೆ, ಓದಿನ ಅವಧಿಯಲ್ಲೇ ತಿಂಗಳ ಬಡ್ಡಿಯನ್ನು ಕಟ್ಟುತ್ತಾ ಹೋಗಿ, ಆಗ ಬಾಕಿ 30 ಲಕ್ಷದಲ್ಲೇ ನಿಂತು ಕಂತು 32 ಸಾವಿರಕ್ಕೆ ಇಳಿಯುತ್ತದೆ. ಬಡ್ಡಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಇದೆಯೆಂದು ಕೆಲವರು ಧೈರ್ಯ ಹೇಳುತ್ತಾರೆ. ಅದು ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ.

ನಿಮ್ಮ ಕೈಯಲ್ಲಿರುವ 24 ಲಕ್ಷವನ್ನು ಮುಟ್ಟದೆ ಉಳಿಸಿಕೊಂಡರೆ, ಅವಳು ಎರಡನೆಯ ಪ್ರಯತ್ನಕ್ಕೆ ಕುಳಿತಾಗ ಮನೆ ನಡೆಯುತ್ತದೆ, ಡಿಎನ್‌ಬಿ ಸಿಕ್ಕರೆ ಅದರ ಶುಲ್ಕವೂ ಅದರಲ್ಲೇ ಮುಗಿಯುತ್ತದೆ. ನಾನಾಗಿದ್ದರೆ ಆ ಹಣವನ್ನು ಪಿಜಿಗೆಂದೇ ಎತ್ತಿಡುತ್ತಿದ್ದೆ.

ಉತ್ತರ: ಹೌಸ್ ಸರ್ಜನ್, ಉತ್ತರ ಕರ್ನಾಟಕದ ಒಂದು ಜಿಲ್ಲಾ ಸರ್ಕಾರಿ ಕಾಲೇಜು

ನಾನೂ ಬೆಂಗಳೂರಿನವಳೇ ಸರ್, ಇಂಥದೇ ನಿರ್ಧಾರ ಮಾಡಿ ಇಲ್ಲಿಗೆ ಬಂದವಳು. ಹಿರಿಯರಿಬ್ಬರೂ ಹಣದ ಮತ್ತು ನಿಯಮದ ವಿಷಯ ಬರೆದಿದ್ದಾರೆ, ಜಿಲ್ಲಾ ಕಾಲೇಜಿನ ಒಳಗಿನ ದಿನಗಳು ಹೇಗಿರುತ್ತವೆ ಎಂಬುದನ್ನು ನಾನು ಬರೆಯುತ್ತೇನೆ.

ಜಿಲ್ಲಾಸ್ಪತ್ರೆಯೇ ಇಲ್ಲಿ ಬೋಧನಾ ಆಸ್ಪತ್ರೆ. ಸುತ್ತಲಿನ ತಾಲ್ಲೂಕುಗಳ ಜನರಿಗೆ ಬೇರೆ ದಾರಿಯಿಲ್ಲದ್ದರಿಂದ ಎಲ್ಲ ಬಗೆಯ ರೋಗಿಗಳೂ ಬರುತ್ತಾರೆ. ಹಾವು ಕಚ್ಚಿದವರು, ಕೀಟನಾಶಕ ಕುಡಿದವರು, ಹಿಮೋಗ್ಲೋಬಿನ್ ಆರು ಏಳಕ್ಕೆ ಇಳಿದ ಗರ್ಭಿಣಿಯರು, ಕ್ಷಯ, ಮಕ್ಕಳ ನ್ಯುಮೋನಿಯಾ, ಅಪೌಷ್ಟಿಕತೆ. ಕೀಟನಾಶಕ ಕುಡಿದವರಿಗೆ ಅಟ್ರೋಪಿನ್ ಕೊಡುತ್ತಾ, ಎದೆಯಲ್ಲಿನ ಗೊರಗೊರ ಸದ್ದು ನಿಲ್ಲುವವರೆಗೆ ಪಕ್ಕದಲ್ಲಿ ನಿಂತು ಡೋಸ್ ಏರಿಸುವುದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. ಹೆರಿಗೆ ಕೊಠಡಿಯಲ್ಲಿ ಹಿರಿಯರ ಕಣ್ಣೆದುರು ನಾವೇ ಕೈ ಹಾಕಿ ಹೆರಿಗೆ ಮಾಡಿಸುತ್ತೇವೆ. ನೀಟ್ ಪಿಜಿಯಲ್ಲಿ ಈಗ ಹೆಚ್ಚಿನ ಪ್ರಶ್ನೆಗಳು ಒಬ್ಬ ರೋಗಿಯ ಲಕ್ಷಣಗಳನ್ನು ವಿವರಿಸಿ ಮುಂದೇನು ಮಾಡುವಿರಿ ಎಂದು ಕೇಳುವಂಥವು. ಆ ರೋಗಿಯನ್ನು ಒಮ್ಮೆ ನೋಡಿದವರಿಗೆ ಉತ್ತರ ಬೇಗ ಹೊಳೆಯುತ್ತದೆ.

ಕೊರತೆಗಳೂ ಇವೆ, ಅವನ್ನು ಮುಚ್ಚಿಡುವುದು ಸರಿಯಲ್ಲ. ಹೃದಯ ಶಸ್ತ್ರಚಿಕಿತ್ಸೆ, ನರ ಶಸ್ತ್ರಚಿಕಿತ್ಸೆಯಂಥ ವಿಭಾಗಗಳನ್ನು ನಾವು ಹೆಚ್ಚಾಗಿ ರೆಫರ್ ಮಾಡುವ ಚೀಟಿಯಲ್ಲಷ್ಟೇ ಕಾಣುತ್ತೇವೆ. ನನ್ನ ಕಾಲೇಜಿನಲ್ಲಿ ಕೆಲವು ವಿಭಾಗಗಳಿಗೆ ಬೋಧಕರು ಕಡಿಮೆಯಿದ್ದು, ಎರಡನೆಯ ವರ್ಷದಲ್ಲಿ ಒಂದು ವಿಷಯವನ್ನು ಬಹುಪಾಲು ನಾವೇ ಓದಿಕೊಂಡೆವು. ಮ್ಯಾರೋ, ಪ್ರೆಪ್‌ಲ್ಯಾಡರ್‌ನಂಥ ಆ್ಯಪ್‌ಗಳ ಪಾಠಗಳು ಎಲ್ಲಿದ್ದರೂ ಸಿಗುವುದರಿಂದ ಪಿಜಿ ತಯಾರಿಗೆ ನಗರದಲ್ಲೇ ಇರಬೇಕೆಂಬ ಅಗತ್ಯ ಈಗಿಲ್ಲ, ಆದರೆ ವಾರ್ಡಿನಲ್ಲಿ ರೋಗಿಯ ಹೊಟ್ಟೆ ಮುಟ್ಟಿ ಯಕೃತ್ತನ್ನು ಗುರುತಿಸುವುದನ್ನು ಯಾವ ಆ್ಯಪ್ ಕೂಡ ಕಲಿಸದು. ಅದಕ್ಕೆ ಗುರುಗಳು ಬೇಕು.

ಆದ್ದರಿಂದ ನನ್ನ ಕೋರಿಕೆ ಏನೆಂದರೆ, ಪಟ್ಟಿಯಲ್ಲಿರುವ ಕಾಲೇಜುಗಳಿಗೆ ಮಗಳನ್ನು ಕರೆದುಕೊಂಡು ಖುದ್ದಾಗಿ ಹೋಗಿ. ಕಟ್ಟಡ, ಸಭಾಂಗಣ ನೋಡಬೇಡಿ. ವಾರದ ನಡುವಿನ ದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಹೊರರೋಗಿ ವಿಭಾಗದಲ್ಲಿ ನಿಂತು ನೋಡಿ, ಸಾಧ್ಯವಾದರೆ ರಾತ್ರಿ ಕ್ಯಾಷುವಾಲ್ಟಿಯ ಹತ್ತಿರವೂ. ವಾರ್ಡಿನ ಹಾಸಿಗೆಗಳಲ್ಲಿ ನಿಜವಾದ ರೋಗಿಗಳಿದ್ದಾರೆಯೇ ಎಂಬುದು ಕೆಲವು ಕಾಲೇಜುಗಳ ವಿಷಯದಲ್ಲಿ ಕೇಳಲೇಬೇಕಾದ ಪ್ರಶ್ನೆ. ಕೊನೆಯ ವರ್ಷದ ವಿದ್ಯಾರ್ಥಿಗಳನ್ನು ಕ್ಯಾಂಟೀನಿನಲ್ಲಿ ಮಾತಾಡಿಸಿ, ವಾರಕ್ಕೆಷ್ಟು ಸಲ ಪ್ರೊಫೆಸರ್ ಎದುರು ಕೇಸ್ ಪ್ರೆಸೆಂಟ್ ಮಾಡುತ್ತೀರಿ, ಹೌಸ್ ಸರ್ಜನ್‌ಗಳಿಗೆ ಶಿಷ್ಯವೇತನ ಪ್ರತಿ ತಿಂಗಳೂ ಕೈ ಸೇರುತ್ತದೆಯೇ, ಮಕ್ಕಳ ವಿಭಾಗದಲ್ಲಿ ಪಿಜಿ ಇದೆಯೇ ಎಂದು ಕೇಳಿ. ಹಾಸ್ಟೆಲಿನ ನೀರು, ರಾತ್ರಿ ಡ್ಯೂಟಿಯಿಂದ ಹಾಸ್ಟೆಲಿಗೆ ಬರುವ ದಾರಿಯ ದೀಪ, ಹುಡುಗಿಯರ ಸುರಕ್ಷತೆ, ಇವನ್ನು ಅಮ್ಮನವರೇ ಬಂದು ನೋಡಿದರೆ ಅವರ ಮನಸ್ಸಿಗೂ ಸಮಾಧಾನ. ಬೆಂಗಳೂರಿನಿಂದ ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಹತ್ತಿದರೆ ಬೆಳಿಗ್ಗೆ ಗದಗ.

ಇನ್ನೊಂದು ವಿಷಯ. ಸರ್ಕಾರಿ ಸೀಟಿನಲ್ಲಿ ಓದಿದವರಿಗೆ 2012ರ ಕಾಯ್ದೆಯಂತೆ ಒಂದು ವರ್ಷದ ಕಡ್ಡಾಯ ಗ್ರಾಮೀಣ ಸೇವೆ ಇದೆ. 2023ರ ತಿದ್ದುಪಡಿಯ ನಂತರ ಅದು ಖಾಲಿ ಹುದ್ದೆಗಳಿರುವಷ್ಟಕ್ಕೆ ಸೀಮಿತವಾಗಿದೆ. ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ತೆಗೆದುಕೊಂಡರೂ ಈ ಷರತ್ತು ತಪ್ಪುವುದಿಲ್ಲ ಎಂಬುದನ್ನು ಲೆಕ್ಕದಲ್ಲಿಡಿ.

ಉತ್ತರ: ಮಲ್ಲೇಶ್ವರದಿಂದ ಒಬ್ಬ ತಾಯಿ

ಎಲ್ಲರೂ ಒಂದೇ ದಿಕ್ಕಿನಲ್ಲಿ ಹೇಳುತ್ತಿರುವುದರಿಂದ ಇನ್ನೊಂದು ಬದಿಯನ್ನೂ ಹೇಳಬೇಕೆನಿಸಿತು. ನನ್ನ ಮಗ ನಗರದ ಹಳೆಯ ಖಾಸಗಿ ಕಾಲೇಜೊಂದರಲ್ಲಿ ಖಾಸಗಿ ಕೋಟಾದಲ್ಲಿಯೇ ಓದಿದ, ನಮಗೆ ಆ ಬಗ್ಗೆ ಸಂತೋಷವಿದೆ. ಅವನಿಗೆ ಅಸ್ತಮಾ ಇದ್ದು, ಮನೆಯಿಂದ ಓಡಾಡುವುದು ಅಗತ್ಯವಾಗಿತ್ತು. ಅಲ್ಲಿನ ಪ್ರಾಧ್ಯಾಪಕರು ಹಲವು ವರ್ಷಗಳಿಂದ ಅದೇ ವಿಭಾಗದಲ್ಲಿ ನೆಲೆ ನಿಂತವರು, ಪಾಠ ಒಂದು ದಿನವೂ ತಪ್ಪುತ್ತಿರಲಿಲ್ಲ. ಓದುವ ಗೆಳೆಯರ ಗುಂಪೂ ಚೆನ್ನಾಗಿತ್ತು, ಮೂರನೆಯ ವರ್ಷದಿಂದಲೇ ಎಲ್ಲರೂ ಸೇರಿ ಪಿಜಿ ಪ್ರಶ್ನೆಗಳನ್ನು ಬಿಡಿಸುತ್ತಿದ್ದರು. ಇಂಥ ವಾತಾವರಣಕ್ಕೆ ಬೆಲೆಯಿಲ್ಲ ಎಂದು ಯಾರೂ ಹೇಳಲಾರರು. ಆದರೆ ನಾವು ಸಾಲ ಮಾಡಿರಲಿಲ್ಲ. ಮನೆ ಅಡವಿಟ್ಟು ಹೀಗೆ ಮಾಡಿ ಎಂದು ನಿಮಗೆ ಹೇಳುವ ಧೈರ್ಯ ನನಗಿಲ್ಲ.

ನಿಮ್ಮ ಎರಡನೆಯ ಆಯ್ಕೆಯ ಬಗ್ಗೆ ಯಾರೂ ಸರಿಯಾಗಿ ಬರೆದಿಲ್ಲ. ಗದಗದ ಶುಲ್ಕ ಕಡಿಮೆಯಾದರೂ ಹಾಸ್ಟೆಲ್, ಮೆಸ್, ಓಡಾಟ ಸೇರಿಸಿದರೆ, ಮನೆಯಿಂದಲೇ ಓಡಾಡಿಕೊಂಡು ಓದುವ ಸರ್ಕಾರಿ ಕೋಟಾದ ಖಾಸಗಿ ಸೀಟಿಗೂ ಅದಕ್ಕೂ ಹೇಳಿಕೊಳ್ಳುವಂಥ ಅಂತರ ಉಳಿಯುವುದಿಲ್ಲ. ಆದರೆ ಬಸವೇಶ್ವರನಗರದಿಂದ ನಗರದ ಹೊರವಲಯಕ್ಕೆ ದಿನಾ ಹೋಗಿ ಬರುವುದೆಂದರೆ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಮೂರ್ನಾಲ್ಕು ಗಂಟೆ ರಸ್ತೆಗೆ ಹೋಗುತ್ತದೆ. ಅನಾಟಮಿ ಓದಬೇಕಾದ ಹೊತ್ತು ಅದು. ಕೊನೆಗೆ ಹಾಸ್ಟೆಲಿಗೇ ಸೇರಿಸುವ ಪರಿಸ್ಥಿತಿ ಬಂದರೆ, ಖಾಸಗಿ ಹಾಸ್ಟೆಲಿನ ದರ ನಿಮ್ಮ ಲೆಕ್ಕವನ್ನೆಲ್ಲ ತಲೆಕೆಳಗು ಮಾಡುತ್ತದೆ. ನಮ್ಮ ಸಂಬಂಧಿಕರ ಮಗಳೊಬ್ಬಳಿಗೆ ಒಂದು ಕಾಲೇಜಿನಲ್ಲಿ ಕೆಇಎಗೆ ಕಟ್ಟಿದ ಶುಲ್ಕದ ಹೊರತಾಗಿ ಹಲವು ಹೆಸರಿನಲ್ಲಿ ಬೇರೆ ಹಣ ಕೇಳಿದರು. ಆದ್ದರಿಂದ ಪ್ರತಿ ವರ್ಷ ಕಟ್ಟಬೇಕಾದ ಎಲ್ಲ ಮೊತ್ತವನ್ನೂ ಕಾಲೇಜಿನಿಂದ ಬರಹದಲ್ಲಿ ಪಡೆದ ಮೇಲೆಯೇ ಹೋಲಿಸಿ ನೋಡಿ.

ಮರುಪ್ರಶ್ನೆ: ಬಸವೇಶ್ವರನಗರದ ತಂದೆ

ಇಷ್ಟು ಸಮಯ ಕೊಟ್ಟು ಬರೆದ ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. 44 ಸಾವಿರದ ಕಂತಿನ ಲೆಕ್ಕವನ್ನು ಮನೆಯಲ್ಲಿ ಎಲ್ಲರೆದುರು ಓದಿದೆ. ಮುಂದಿನ ವಾರ ಮಗಳು, ಹೆಂಡತಿ ಇಬ್ಬರನ್ನೂ ಕರೆದುಕೊಂಡು ಗದಗಕ್ಕೂ, ಅನಂತರ ಇಲ್ಲಿನ ಖಾಸಗಿ ಕಾಲೇಜಿಗೂ ಹೋಗಿ ಬರುತ್ತೇವೆ. ಒಂದು ಸಂದೇಹ ಉಳಿದಿದೆ. ಪಟ್ಟಿಯಲ್ಲಿ ಯಾವುದನ್ನು ಮೊದಲು ಹಾಕಬೇಕು? ಖಾಸಗಿ ಕೋಟಾವನ್ನು ಕೊನೆಯಲ್ಲಾದರೂ ಭದ್ರತೆಗೆಂದು ಇಟ್ಟಿರಬೇಕೇ?

ಉತ್ತರ: ಜನರಲ್ ಮೆಡಿಸಿನ್ ಎಂಡಿ, ಬೆಂಗಳೂರು

ಸರ್, ಪಟ್ಟಿಯನ್ನು ನಿಮ್ಮ ನಿಜವಾದ ಇಷ್ಟದ ಕ್ರಮದಲ್ಲಿಯೇ ಇಡಿ, ಯಾವುದು ಸಿಗಬಹುದು ಎಂಬ ಊಹೆಯ ಮೇಲೆ ಕ್ರಮ ಬದಲಿಸಬೇಡಿ. ಹಂಚಿಕೆ ಮೇಲಿನಿಂದ ಕೆಳಕ್ಕೆ ನಡೆಯುತ್ತದೆ, ಮೇಲಿನದು ಸಿಕ್ಕಿತೆಂದರೆ ಕೆಳಗಿನ ಎಲ್ಲ ಆಯ್ಕೆಗಳೂ ರದ್ದಾಗುತ್ತವೆ. ಗದಗವನ್ನು ಮೊದಲು ಹಾಕುವುದಾದರೆ ಅದರ ಮೇಲೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಹಳೆಯ ಸರ್ಕಾರಿ ಕಾಲೇಜುಗಳನ್ನೂ ತಪ್ಪದೆ ಸೇರಿಸಿ. ರ‍್ಯಾಂಕ್ ಸಾಲದೆಂದು ಬಿಟ್ಟುಬಿಡಬೇಡಿ, ಮುಂದಿನ ಸುತ್ತುಗಳಲ್ಲಿ ಸೀಟುಗಳು ಕೆಳಗಿನ ರ‍್ಯಾಂಕಿನವರಿಗೂ ಜಾರಿ ಬರುವುದುಂಟು, ಸೇರಿಸಿದ್ದಕ್ಕೆ ಏನೂ ನಷ್ಟವಿಲ್ಲ. ಗದಗ ಮತ್ತು ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಇವೆರಡರ ಕ್ರಮವನ್ನು ನೀವು ವಾರ್ಡುಗಳನ್ನು ನೋಡಿ ಬಂದ ಮೇಲೆ ನಿರ್ಧರಿಸಿ. ಇವೆರಡರಲ್ಲಿ ರೋಗಿಗಳು ಹೆಚ್ಚಿರುವ ಆಸ್ಪತ್ರೆಗೆ ನನ್ನ ಮತ.

ಖಾಸಗಿ ಕೋಟಾವನ್ನು ಭದ್ರತೆಗೆಂದು ಇಡುವ ವಿಷಯದಲ್ಲಿ ಜಾಗ್ರತೆ ಬೇಕು. ಸಿಕ್ಕರೆ ಸೇರುವುದಿಲ್ಲ ಎನ್ನುವ ಸೀಟನ್ನು ಪಟ್ಟಿಯಲ್ಲಿ ಇಡಲೇಬಾರದು, ಏಕೆಂದರೆ ನಂತರದ ಸುತ್ತುಗಳಲ್ಲಿ ಹಂಚಿಕೆಯಾದ ಸೀಟನ್ನು ಬಿಟ್ಟರೆ ದಂಡ ಬೀಳುತ್ತದೆ. ಮೊದಲೆರಡು ಬಗೆಯ ಸೀಟುಗಳು ನಿಮ್ಮ ಮಗಳ ರ‍್ಯಾಂಕಿಗೆ ಸಿಗುವಂತಿದ್ದರೆ ಖಾಸಗಿ ಕೋಟಾವನ್ನು ತೆಗೆದುಹಾಕಿ. ಮೊದಲು ಅಣಕು ಹಂಚಿಕೆಯ ಫಲಿತಾಂಶ ಬರುತ್ತದೆ, ಅದರ ನಂತರ ಪಟ್ಟಿಯನ್ನು ತಿದ್ದಲು ಅವಕಾಶವಿರುತ್ತದೆ. ಆ ಅವಧಿ ಚಿಕ್ಕದು, ಆದ್ದರಿಂದ ಗದಗದ ಪ್ರಯಾಣವನ್ನು ಅದಕ್ಕೂ ಮೊದಲೇ ಮುಗಿಸಿಕೊಳ್ಳಿ.